ಸೀರೆ ಹೊದ್ದ ಸ್ಪೀಕರುಗಳು

ಟೆಂಪೋದಿಂದ ಆ ಮೂರು ರಟ್ಟಿನ ಪೆಟ್ಟಿಗೆಗಳನ್ನು ಇಳಿಸುವಾಗ ನನ್ನ ಗಂಡ ಜಗಲಿಯ ಮೇಲೆ ನಿಂತು ಬೀದಿಯ ಆ ತುದಿಯನ್ನೊಮ್ಮೆ ಈ ತುದಿಯನ್ನೊಮ್ಮೆ ನೋಡಿದರು. ಬೆಳಗಿನ ಹನ್ನೊಂದು ಗಂಟೆ, ಬಿಸಿಲು ಚೆನ್ನಾಗಿತ್ತು, ನೋಡಬೇಕಾದವರೆಲ್ಲ ಆಗಲೇ ಕಿಟಕಿಗೆ ಬಂದಿದ್ದರು. ಎರಡು ಪೆಟ್ಟಿಗೆ ನನ್ನ ಎದೆಯೆತ್ತರ. ಮೂರನೆಯದು ಗಿಡ್ಡ, ಆದರೆ ಅದನ್ನು ಎತ್ತಲು ಮೂವರು ಬೇಕಾಯಿತು. ನನ್ನವರು ನನ್ನೆದುರು ಬಂದು ತುಟಿ ಕಾಣುವ ಹಾಗೆ, "ಯಾರಾದ್ರೂ ಕೇಳಿದ್ರೆ ಫ್ರಿಜ್ಜು ಅನ್ನು" ಎಂದರು. "ಮೂರು ಫ್ರಿಜ್ಜಾ?" ಎಂದೆ. ಅವರು ಒಳಗೆ ಹೋದರು.

ನಮ್ಮೂರಲ್ಲಿ ಮನೆಯೊಳಗೆ ಆದ ಸದ್ದು ಕೆಳಗೆ ಬೀಳುತ್ತದೆ. ಅದಕ್ಕೆ ನಾವು ಉದುರು ಅನ್ನುತ್ತೇವೆ. ಮೆಲ್ಲಗೆ ಆಡಿದ ಮಾತು ಅಕ್ಕಿಹಿಟ್ಟಿನ ಹಾಗೆ ತೆಳ್ಳಗೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಗಟ್ಟಿಯಾಗಿ ಮಾತಾಡಿದರೆ ರವೆಯಷ್ಟು ದಪ್ಪ. ಜಗಳವಾದರೆ ಕಲ್ಲುಪ್ಪಿನ ಹರಳು, ಅಂಗಾಲಿಗೆ ಚುಚ್ಚುತ್ತದೆ. ಬಯಲಲ್ಲಾದರೆ ಗಾಳಿ ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಕುಕ್ಕರು ಕೂಗುವುದು ಹಿತ್ತಿಲಲ್ಲಿ, ಮಕ್ಕಳು ಮಗ್ಗಿ ಹೇಳುವುದು ಜಗಲಿಯಲ್ಲಿ, ಮದುವೆ ನಡೆಯುವುದು ಮೈದಾನದಲ್ಲಿ. ಬೆಳಗ್ಗೆ ಏಳಕ್ಕೆ ಪುರಸಭೆಯ ಗಾಡಿ ಬರುವ ಮುಂಚೆ ಹೆಂಗಸರು ಹಿಂದಿನ ದಿನದ ಉದುರು ಗುಡಿಸಿ, ಬುಟ್ಟಿಗೆ ತುಂಬಿ ಹೊಸ್ತಿಲಾಚೆ ಇಡುತ್ತಾರೆ. ಬುಟ್ಟಿ ಎಷ್ಟು ತುಂಬಿದೆ ಎಂದು ಬೀದಿಯೆಲ್ಲ ನೋಡುತ್ತದೆ. ಹೆಣ್ಣು ಕೊಡುವವರೂ ಮೊದಲು ಬುಟ್ಟಿಯನ್ನೇ ನೋಡಿ ಹೋಗುತ್ತಾರೆ. ಬುಟ್ಟಿ ಸದಾ ಹಗುರವಾಗಿರುವ ಮನೆಯ ಬಾಗಿಲಿಗೆ 'ಶಾಂತಗೃಹ' ಎಂಬ ನೀಲಿ ಫಲಕ ಹೊಡೆಯುತ್ತಾರೆ. ಅದಕ್ಕೊಂದು ಸಮಿತಿ ಇದೆ, ವರ್ಷಕ್ಕೊಮ್ಮೆ ಬಂದು ನೋಡುತ್ತದೆ. ನಮ್ಮ ಬಾಗಿಲಲ್ಲಿ ಆ ಫಲಕ ಹತ್ತೊಂಬತ್ತು ವರ್ಷದಿಂದ ಇತ್ತು.

ನಾನು ಈ ಊರಿನವಳಲ್ಲ. ನನ್ನ ತವರಲ್ಲಿ ಸದ್ದು ಬೀಳುವುದಿಲ್ಲ, ಬಂದ ಹಾಗೇ ಹೋಗುತ್ತದೆ. ಅಪ್ಪನದು ಹಿಟ್ಟಿನ ಗಿರಣಿ. ಬೆಲ್ಟು ತಿರುಗಲು ಶುರುವಾದರೆ ಪಕ್ಕದಲ್ಲೇ ಇದ್ದ ನಮ್ಮ ಮನೆಯ ನೆಲ ನಡುಗುತ್ತಿತ್ತು. ಆ ನಡುಕದಲ್ಲೇ ನಾನು ಅಂಬೆಗಾಲಿಟ್ಟಿದ್ದು, ಆ ಸದ್ದಿನ ಮೇಲೆ ಕೂಗಿ ಕೂಗಿಯೇ ಮಾತು ಕಲಿತಿದ್ದು. ಮದುವೆಯಾಗಿ ಬಂದ ವಾರದಲ್ಲಿ ಅತ್ತೆ ನನ್ನ ಕೈಗೆ ಪೊರಕೆ ಕೊಟ್ಟು, ನಾನು ಹಿಂದಿನ ದಿನ ಆಡಿದ್ದನ್ನೆಲ್ಲ ಗುಡಿಸಲು ಹಚ್ಚಿ, "ನೋಡವ್ವ ಚಂದ್ರಕಲಾ, ಇಷ್ಟರಲ್ಲಿ ಬೇಕಾಗಿದ್ದ ಮಾತು ಎಷ್ಟು?" ಎಂದು ಕೇಳಿದ್ದರು. ಬುಟ್ಟಿ ಅರ್ಧ ತುಂಬಿತ್ತು. ಅವತ್ತಿನಿಂದ ನಾನು ಕಡಿಮೆ ಮಾಡಿಕೊಳ್ಳುತ್ತ ಬಂದೆ. ನಮಗೆ ಮಕ್ಕಳಾಗಲಿಲ್ಲ. ಊರಿನವರು ಅದನ್ನೂ ಬುಟ್ಟಿ ನೋಡಿಯೇ ತಿಳಿದುಕೊಂಡರು.

ಎಲ್ಲರೂ ಪಿಸುಗುಟ್ಟುವ ಊರಲ್ಲಿ ಕಿವಿ ಹೋಗುತ್ತಿರುವುದು ಬೇಗ ಗೊತ್ತಾಗುವುದಿಲ್ಲ. ಜನ ಇನ್ನೂ ಮೆತ್ತಗೆ ಮಾತಾಡುತ್ತಿದ್ದಾರೆ ಎಂದುಕೊಂಡೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು ತಾನಾಗಿಯೇ ಬಂತು. ಒಮ್ಮೆ ಹಿತ್ತಿಲಲ್ಲಿ ಕುಕ್ಕರು ಎಂಟು ಸಲ ಕೂಗಿತಂತೆ, ಬೇಳೆ ಸೀದು ಹೋಯಿತು, ನಾನು ಅದರ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದೆ. ಆಗ ನನ್ನ ಗಂಡ ಗುರುಶಾಂತಪ್ಪನವರು ನನ್ನನ್ನು ರೈಲಿನಲ್ಲಿ ದೊಡ್ಡ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಸಣ್ಣ ಸದ್ದು ಮೊದಲು ಹೋಗ್ತವೆ ಅಮ್ಮ," ಎಂದರು ಡಾಕ್ಟರು. "ಹಕ್ಕಿ, ಬಳೆ, ಪಿಸುಮಾತು. ದಪ್ಪ ಸದ್ದು ಇನ್ನೂ ಸುಮಾರು ದಿನ ಇರುತ್ತೆ. ಕಿವಿಗೆ ಮಿಷನ್ ಕೊಡ್ತೀನಿ. ಆದರೆ ಮನೇಲಿ ಸ್ವಲ್ಪ ಜೋರಾಗಿ ಮಾತಾಡ್ಬೇಕು ಸಾರ್, ಎದುರಿಗೆ ಕೂತು, ದಿನಾ." ನನ್ನವರು ತಲೆಯಾಡಿಸಿದರು.

ಮನೆಗೆ ಬಂದ ಮೇಲೆ ಅವರು ಜೋರಾಗಿ ಮಾತಾಡಲಿಲ್ಲ. ಮಾತನ್ನೇ ಬಿಟ್ಟರು. ಹೆಬ್ಬೆರಳನ್ನು ತುಟಿಗೆ ತಂದರೆ ಕಾಫಿ. ಎರಡು ಬೆರಳು ಎತ್ತಿದರೆ ಇನ್ನೆರಡು ರೊಟ್ಟಿ. ಕೈಗಡಿಯಾರ ತಟ್ಟಿದರೆ ಅಂಗಡಿಗೆ ಹೊರಟೆ ಎಂದರ್ಥ. ಅವರದು ಕನ್ನಡಕದ ಅಂಗಡಿ, ಊರಿನ ಅರ್ಧ ಜನರ ಕಣ್ಣು ನೋಡಿದವರು ಅವರೇ. ಕೆಟ್ಟವರಲ್ಲ. ನನ್ನ ಮೇಲೆ ಯಾವತ್ತೂ ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಕಷ್ಟವೂ ಅದೇ ಆಗಿತ್ತು. ಕಿವಿಗೆ ಮಿಷನ್ ಹಾಕಿಕೊಂಡರೆ ನನಗೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ, ಏಕೆಂದರೆ ಕೇಳುವುದಕ್ಕೆ ಮನೆಯಲ್ಲಿ ಬೇರೇನೂ ಇರಲಿಲ್ಲ. ಆ ವರ್ಷ ಸಮಿತಿಯವರು ನಮ್ಮ ಬುಟ್ಟಿ ಎತ್ತಿ ನೋಡಿ, ಹಿಂದೆಂದೂ ಇಷ್ಟು ಹಗುರ ಇರಲಿಲ್ಲ ಎಂದು ಮೆಚ್ಚಿಕೊಂಡರು.

ಎರಡು ವರ್ಷ ಹೀಗೇ ಹೋಯಿತು. ಮಿಷನ್ ಕೆಟ್ಟಾಗ ರಿಪೇರಿಗೆಂದು ನಾನೊಬ್ಬಳೇ ರೈಲು ಹತ್ತಿ ಹೋದೆ. ಡಾಕ್ಟರ ಬೀದಿಯಲ್ಲೇ ಟಿ.ವಿ., ಸ್ಪೀಕರು ಮಾರುವ ದೊಡ್ಡ ಅಂಗಡಿ. ಬಿಸಿಲಿಗೆ ಸುಮ್ಮನೆ ಒಳಗೆ ನಿಂತಿದ್ದೆ. ಯಾರಿಗೋ ತೋರಿಸಲು ಅಂಗಡಿಯವನು ಏನೋ ಹಾಕಿದ. ನನಗೆ ಅದು ಮೊದಲು ಕೇಳಿಸಿದ್ದು ಅಂಗಾಲಿನಲ್ಲಿ. ಆಮೇಲೆ ಮೊಣಕಾಲು, ಆಮೇಲೆ ಪಕ್ಕೆಲುಬು. ಮಿಷನ್ ಕೈಚೀಲದಲ್ಲಿತ್ತು, ಕಿವಿಯಲ್ಲಿ ಏನೂ ಇರಲಿಲ್ಲ, ಆದರೂ ಕೇಳುತ್ತಿತ್ತು. ನಾನು ಅಲ್ಲೇ ಕುಳಿತುಬಿಟ್ಟೆ. ಅಂಗಡಿಯವನು ಗಾಬರಿಯಾಗಿ ಓಡಿಬಂದು, "ಅಮ್ಮ, ಏನಾಯ್ತು? ನೀರು ಬೇಕಾ?" ಎಂದ. "ಇದು ಬೇಕು," ಎಂದೆ. ಗಿರಣಿ ಮಾರಿದಾಗ ಅಣ್ಣ ನನ್ನ ಪಾಲೆಂದು ಕೊಟ್ಟ ಹಣ ನನ್ನ ಹೆಸರಲ್ಲೇ ಇತ್ತು. ಯಾರನ್ನೂ ಕೇಳಲಿಲ್ಲ.

ಟೆಂಪೋ ಹೋದ ಮೇಲೆ ನನ್ನವರು ಎರಡು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಆಡಿದರು, ಪಿಸುದನಿಯಲ್ಲೇ. ನಾನು ತುಟಿ ನೋಡುತ್ತಿದ್ದೆ. "ಎಲ್ಲಿಂದ ಬಂತೋ ಅಲ್ಲಿಗೇ ಕಳಿಸು."

"ಕಳಿಸಲ್ಲ."

"ಚಂದ್ರಾ, ಇದು ಸಂತೆಮಾಳ ಅಲ್ಲ, ಮನೆ. ಈ ಸಲ ಫಲಕಕ್ಕೆ ಇಪ್ಪತ್ತು ವರ್ಷ ಆಗುತ್ತೆ. ಇಪ್ಪತ್ತಕ್ಕೆ ಬೆಳ್ಳೀದು ಕೊಡ್ತಾರೆ. ಊರಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ."

"ನನಗೆ ಇದು ಕೇಳುತ್ತೆ ರೀ," ಎಂದೆ. 

ಅವರು ಪೆಟ್ಟಿಗೆಗಳನ್ನು ಒಂದು ಸುತ್ತು ಹಾಕಿದರು. ಆಮೇಲೆ, "ಇಟ್ಕೋ. ಆದರೆ ಕಣ್ಣಿಗೆ ಕಾಣಬಾರದು. ಸದ್ದಂತೂ ಬರಲೇಬಾರದು," ಎಂದರು. ಸದ್ದು ಮಾಡದ ಸ್ಪೀಕರು ಇಟ್ಟುಕೊಂಡು ಏನು ಮಾಡಲಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಇಟ್ಟುಕೋ ಎಂದರಲ್ಲ, ಅಷ್ಟಕ್ಕೇ ಅವರಿಗೆ ಸಮಾಧಾನವಾಗುವ ಹಾಗೆ ನಡೆದುಕೊಳ್ಳೋಣ ಎನಿಸಿತು. ಅವರ ಮುಖದಲ್ಲಿ ಸ್ವಲ್ಪ ನಗು ನೋಡಬೇಕೆಂದು ಆಗಿನ್ನೂ ನನಗೆ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ.

ಬಚ್ಚಿಡುವುದು ಸುಲಭವಿರಲಿಲ್ಲ. ಉದ್ದದ ಎರಡನ್ನು ಕೋಣೆಯ ಬಾಗಿಲ ಹಿಂದೆ ನಿಲ್ಲಿಸಿದೆ, ಬಾಗಿಲು ತೆರೆಯಲಾಗಲಿಲ್ಲ. ಉಗ್ರಾಣದಲ್ಲಿ ಅಕ್ಕಿ ಡ್ರಮ್ಮುಗಳ ನಡುವೆ ಇಟ್ಟೆ, ಡ್ರಮ್ಮು ನಡುಮನೆಗೆ ಬಂತು. ಕೊನೆಗೆ ನನ್ನ ಎರಡು ಹಳೆಯ ರೇಷ್ಮೆ ಸೀರೆ ಕತ್ತರಿಸಿ, ಮುಂದುಗಡೆ ಜರಿ ಅಂಚು ಬರುವ ಹಾಗೆ ಗವಸು ಹೊಲಿದೆ. ಗವಸು ಹಾಕಿ ನಡುಮನೆಯ ಎರಡು ಮೂಲೆಯಲ್ಲಿ ನಿಲ್ಲಿಸಿ, ತಲೆಯ ಮೇಲೆ ಒಂದೊಂದು ಹಿತ್ತಾಳೆ ಚೆಂಬು ಇಟ್ಟೆ. ಗಿಡ್ಡ ಪೆಟ್ಟಿಗೆಯ ಮೇಲೆ ಹತ್ತಿಯ ದಿಂಬು ಹಾಸಿ, ಸುತ್ತ ಝಾಲರಿ ಕಟ್ಟಿ, ಕೂರುವ ಪೀಠ ಮಾಡಿದೆ. ನನ್ನವರು ಸಂಜೆ ಬಂದು ನೋಡಿ ನಿಜಕ್ಕೂ ನಕ್ಕರು. ಪೀಠದ ಮೇಲೆ ಕೂತು ಪೇಪರು ಓದಿದರು. ಮುಂದಿನ ವಾರ ಅವರ ತಂಗಿ ಬಂದವಳು ಸೀರೆ ಹೊದ್ದ ಸ್ಪೀಕರಿಗೆ ಯಾವ ದೇವರೋ ಏನೋ ಎಂದು ಕುಂಕುಮ ಹಚ್ಚಿ ಕೈಮುಗಿದು ಹೋದಳು. ಅವಳು ಹೋದ ಮೇಲೆ ಅವರು ಬೆರಳಲ್ಲೇ ನನಗೆ 'ಭೇಷ್' ಎಂದರು.

ಅವರು ಅಂಗಡಿಗೆ ಹೋದ ಮೇಲೆ, ಹತ್ತರಿಂದ ಹನ್ನೊಂದರವರೆಗೆ, ನಾನು ಬಾಗಿಲು ಕಿಟಕಿ ಮುಚ್ಚಿ ಸ್ಪೀಕರು ಹಾಕುತ್ತಿದ್ದೆ. ಗಿರಣಿ ಮುಚ್ಚಿದ ದಿನ ಅಣ್ಣ ಅದರ ಕೊನೆಯ ಓಟವನ್ನು ಫೋನಿನಲ್ಲಿ ಹಿಡಿದು ನನಗೆ ಕಳಿಸಿದ್ದ. ಫೋನಿನಲ್ಲಿ ಅದು ನನಗೆ ಏನೂ ಕೇಳುತ್ತಿರಲಿಲ್ಲ. ಸ್ಪೀಕರಿಗೆ ಹಾಕಿ, ಗವಸು ಮೇಲೆತ್ತಿ, ಬೆನ್ನು ಕೊಟ್ಟು ನೆಲಕ್ಕೆ ಕೂತರೆ ಬೆಲ್ಟಿನ ಬಡಿತ ಒಂದೊಂದೂ ಬೆನ್ನುಮೂಳೆಯಲ್ಲಿ ಇಳಿಯುತ್ತಿತ್ತು. ಹನ್ನೆರಡು ನಿಮಿಷದ ಸದ್ದು. ಐದು ಸಲ ಹಾಕಿದರೆ ಒಂದು ಗಂಟೆ. ಕೆಲವು ದಿನ ಅದರ ಮೇಲೆ ನಾನೂ ಕೂಗುತ್ತಿದ್ದೆ. ಅಪ್ಪನನ್ನು ಊಟಕ್ಕೆ ಕರೆಯುವ ಹಾಗೆ, ಅಣ್ಣನನ್ನು ಬಯ್ಯುವ ಹಾಗೆ.

ಆ ಉದುರು ನಾನು ಈ ಮನೆಯಲ್ಲಿ ಅದುವರೆಗೆ ಕಂಡಿದ್ದ ಯಾವ ಉದುರಿನ ಹಾಗೂ ಇರಲಿಲ್ಲ. ಕಂದುಬಣ್ಣ, ರಾಗಿಹಿಟ್ಟಿನಷ್ಟು ನಯ, ಆದರೆ ಮರಳಿನಷ್ಟು ಭಾರ. ಜಂತಿಯ ಮೇಲೆ, ಫೋಟೋಗಳ ಮೇಲೆ, ನನ್ನ ಕೂದಲಲ್ಲಿ. ಗಿರಣಿಯವನ ಮಗಳು ಧೂಳಿಗೆ ಹೆದರಿದವಳಲ್ಲ. ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಗುಡಿಸಿ, ಒರೆಸಿ, ಮೊರದಲ್ಲಿ ತುಂಬಿ, ಹಿತ್ತಿಲಲ್ಲಿ ಕರಿಬೇವಿನ ಗಿಡದ ಹಿಂದೆ ತೋಡಿದ ಗುಂಡಿಗೆ ಸುರಿದು, ಮೇಲೆ ಮಣ್ಣು ಎಳೆದು, ತಲೆಗೆ ನೀರು ಹಾಕಿಕೊಂಡು, ಒಂದಕ್ಕೆ ಅವರು ಊಟಕ್ಕೆ ಬರುವಷ್ಟರಲ್ಲಿ ತಟ್ಟೆ ಹಾಕಿರುತ್ತಿದ್ದೆ. ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಿಲ್ಲ. ಬುಟ್ಟಿ ಹಗುರವಾಗಿರುವ ತನಕ ಅವರು ಬೇರೇನೂ ವಿಚಾರಿಸುವವರಲ್ಲ.

ಮೊದಲು ಕಂಡುಹಿಡಿದವಳು ಪಕ್ಕದ ಮನೆಯ ದಾಕ್ಷಾಯಣಿ. ಎರಡೂ ಮನೆಗೆ ಒಂದೇ ಗೋಡೆ. ಒಂದು ಬೆಳಗ್ಗೆ ಮುಷ್ಟಿಯಲ್ಲಿ ಏನೋ ಹಿಡಿದುಕೊಂಡು ಬಂದು ನನ್ನೆದುರು ಅಂಗೈ ಬಿಚ್ಚಿದಳು. "ಚಂದ್ರಕ್ಕ, ನಿಮ್ಮ ಗೋಡೆಯಿಂದ ನಮ್ಮ ಅಡುಗೆಮನೆಗೆ ಇದು ಬೀಳ್ತಾ ಇದೆ. ರಾಗಿಹಿಟ್ಟು ಅಂತ ನಮ್ಮತ್ತೆ ಅಂಬಲಿಗೆ ಹಾಕೋಕೆ ಹೋಗಿದ್ರು." ನಾನು ಬಾಗಿಲು ಹಾಕಿ, ಗವಸು ತೆಗೆದು ತೋರಿಸಿದೆ. ಅವಳ ಕೈ ಹಿಡಿದು ಸ್ಪೀಕರಿನ ಮೇಲೆ ಇರಿಸಿ, ಗಿರಣಿ ಹಾಕಿದೆ. ಅವಳು ಹುಟ್ಟಿದ್ದು ಈ ಊರಲ್ಲೇ. ಮೊದಲು ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ತಾನೇ ಎರಡೂ ಅಂಗೈ ಇಟ್ಟು, ಹಣೆ ಇಟ್ಟು, ಹಾಗೇ ನಿಂತಳು. ಮುಗಿದ ಮೇಲೆ, "ನಮ್ಮ ಕಡೆ ಬಿದ್ದಿದ್ದು ನಾನು ಗುಡಿಸ್ಕೋತೀನಿ. ನೀವು ಹಾಕಿ," ಎಂದು ಹೇಳಿ ಹೋದಳು.

ಸಮಿತಿ ಬಂದದ್ದು ಒಂದು ಶುಕ್ರವಾರ, ಮಧ್ಯಾಹ್ನ ಮೂರಕ್ಕೆ. ಅಧ್ಯಕ್ಷ ಶರಭಯ್ಯನವರು, ಅವರ ಜೊತೆ ಇನ್ನಿಬ್ಬರು. ಶರಭಯ್ಯನವರು ಹಿಂದೆ ಮೋಜಣಿ ಇಲಾಖೆಯಲ್ಲಿದ್ದವರು, ಯಾವ ಮನೆಗೆ ಹೋದರೂ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆಯುವ ಅಭ್ಯಾಸ. ಬಿಳೀ ಶಾಲು ಹೊದ್ದಿದ್ದರು. ಕಿಟಕಿಯ ಅಡ್ಡಪಟ್ಟಿಯ ಮೇಲೆ ಬೆರಳು ಎಳೆದು ನೋಡಿದರು. ಕ್ಯಾಲೆಂಡರು ಎತ್ತಿ ನೋಡಿದರು. ಸೀರೆ ಹೊದ್ದ ಸ್ಪೀಕರಿನ ಎದುರು ಒಂದು ಗಳಿಗೆ ನಿಂತು, ಕುಂಕುಮ ಕಂಡು ಕಣ್ಣಿಗೊತ್ತಿಕೊಂಡರು. ಕೊನೆಗೆ ತೃಪ್ತಿಯಿಂದ ಪೀಠದ ಮೇಲೆ ಕೂತರು.  ಎಲ್ಲ ಸಾಂಗವಾಗಿ ಮುಗಿಯಲಿ, ಅವರಿಗೆ ಅವರ ಬೆಳ್ಳಿ ಸಿಗಲಿ ಎಂದೇ ನನಗೂ ಇತ್ತು.

"ಇಪ್ಪತ್ತು ವರ್ಷ!" ಎಂದರು ಶರಭಯ್ಯ. "ಗುರುಶಾಂತಪ್ಪೋರೆ, ಹ್ಯಾಗೆ ಸಾಧಿಸಿದ್ರಿ?"

ನನ್ನವರು ನನ್ನತ್ತ ಕೈ ತೋರಿಸಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. "ಎಲ್ಲಾ ಇವಳ ಪುಣ್ಯ," ಎಂದರು. "ಇವಳಿಗೆ ಕಿವಿ ಕೇಳಲ್ಲ ನೋಡಿ. ಅದೂ ಒಂದು ಅನುಕೂಲವೇ ಆಯ್ತು. ಈಗ ಮನೇಲಿ ಮಾತೇ ಬೇಕಾಗಿಲ್ಲ."

ನಾನು ತುಟಿ ನೋಡಿ ತಿಳಿಯುತ್ತೇನೆಂಬುದನ್ನು ಆ ಸಂತೋಷದಲ್ಲಿ ಮರೆತು, ನನಗೆ ಗೊತ್ತಾಗುವುದಿಲ್ಲ ಎಂದುಕೊಂಡು ನನ್ನನ್ನೇ ನೋಡಿ ನಗುತ್ತ ಹೇಳಿದರು. ಒಂದೊಂದು ಅಕ್ಷರವೂ ಅವರ ತುಟಿಯ ಮೇಲೆ ಅಂಗಡಿಯ ಬೋರ್ಡಿನ ಹಾಗೆ ಸ್ಪಷ್ಟವಾಗಿತ್ತು. ಮೂವರೂ ಮೆಚ್ಚಿ ತಲೆಯಾಡಿಸಿದರು. ನಾನು ಕಾಫಿಯ ತಟ್ಟೆ ಹಿಡಿದು ನಿಂತಿದ್ದೆ.  

ಫಲಕ ಕೊಡುವ ಮುಂಚೆ ಮನೆಯಾಕೆಯನ್ನು ಒಂದು ಮಾತು ಕೇಳುವ ಪದ್ಧತಿ ಇದೆ. ಹತ್ತೊಂಬತ್ತು ಸಲ ಕೇಳಿದ್ದರು, ಹತ್ತೊಂಬತ್ತು ಸಲ ಇಲ್ಲ ಎಂದಿದ್ದೆ. ಶರಭಯ್ಯನವರು ನನಗೆ ತಿಳಿಯಲೆಂದು ಬಾಯಿ ದೊಡ್ಡದು ಮಾಡಿ ಕೇಳಿದರು: "ತಾಯೀ, ಈ ಮನೇಲಿ ಬಚ್ಚಿಟ್ಟ ಸದ್ದು ಏನಾದ್ರೂ ಇದೆಯಾ?"

"ಇದೆ," ಎಂದೆ. "ನೀವು ಅದರ ಮೇಲೇ ಕೂತಿದ್ದೀರಿ."

ಅವರು ನಕ್ಕರು. ನಾನು ತಟ್ಟೆ ಕೆಳಗಿಟ್ಟು, ಬಲಗಡೆಯ ಸ್ಪೀಕರಿನ ಚೆಂಬು ತೆಗೆದು ಅವರ ಕೈಗೆ ಕೊಟ್ಟೆ. ಗವಸು ಎಳೆದೆ. ಎಡಗಡೆಯದನ್ನೂ ಎಳೆದೆ. ಶರಭಯ್ಯನವರು ಎದ್ದು ನಿಂತರು, ಪೀಠದ ಝಾಲರಿ ಅವರ ಪಂಚೆಗೆ ಸಿಕ್ಕಿಕೊಂಡು ಅದೂ ಬಿಚ್ಚಿ ಬಂತು. ನನ್ನವರು "ಚಂದ್ರಾ" ಎಂದರು, ತುಟಿಯಲ್ಲಿ ಮಾತ್ರ. ನಾನು ಫೋನಿಗೆ ವೈರು ಸಿಕ್ಕಿಸಿ, ವಾಲ್ಯೂಮನ್ನು ಅಲ್ಲಿಯವರೆಗೆ ಯಾವತ್ತೂ ತಿರುಗಿಸದಷ್ಟು ತಿರುಗಿಸಿದೆ.

ಗಿರಣಿ ಓಡಿತು. ಹಂಚು ಅಲುಗಿದವು. ಮೊದಲ ನಿಮಿಷದಲ್ಲೇ ಶರಭಯ್ಯನವರ ಬಿಳೀ ಶಾಲು ಕಂದಾಯಿತು, ಮೀಸೆ ಕಂದಾಯಿತು, ಅವರ ಕೈಯಲ್ಲಿದ್ದ ಚೆಂಬು ತುಂಬುತ್ತ ಬಂತು. ಅವರು ಬಾಯಿ ತೆರೆದು ಏನೋ ಹೇಳುತ್ತಿದ್ದರು, ಬಾಯಿಗೂ ಬಿತ್ತು. "ಇದು ನಮ್ಮಪ್ಪನ ಗಿರಣಿ!" ಎಂದು ನಾನು ಕೂಗಿದೆ. "ಒಂದೇ ದಿನಕ್ಕೆ ಏಳು ಹಳ್ಳಿ ಹಿಟ್ಟು ಬೀಸ್ತಿತ್ತು! ನನಗೆ ಇದು ಕೇಳುತ್ತೆ! ನಿಮ್ಮ ಮಾತು ಯಾವುದೂ ಕೇಳಲ್ಲ, ಇದು ಕೇಳುತ್ತೆ!" ಜೊತೆಗೆ ಬಂದಿದ್ದ ಇಬ್ಬರೂ ಆಗಲೇ ಬೀದಿಯಲ್ಲಿದ್ದರು. ಹನ್ನೆರಡು ನಿಮಿಷ ಪೂರ್ತಿ ಓಡಿಸಿದೆ. ನಿಲ್ಲಿಸಿದಾಗ ಪಾದ ಮುಚ್ಚುವಷ್ಟು ಉದುರು ಇತ್ತು. ನನ್ನವರು ಗೋಡೆಗೆ ಒರಗಿ ನಿಂತಿದ್ದರು, ಕನ್ನಡಕದ ಗಾಜಿನ ಮೇಲೂ ಕೂತಿತ್ತು, ಒರೆಸಿಕೊಂಡಿರಲಿಲ್ಲ.

ಬೆಳ್ಳಿ ಬರಲಿಲ್ಲ. ಇದ್ದ ಫಲಕವನ್ನೂ ಅವತ್ತೇ ಬಿಚ್ಚಿಕೊಂಡು ಹೋದರು. ನನ್ನವರು ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಎರಡು ಬೀದಿ ಆಚೆಯ ತಂಗಿಯ ಮನೆಗೆ ಹೊರಟರು. ಹೋಗುವಾಗ ಕೈಗಡಿಯಾರ ತಟ್ಟಲಿಲ್ಲ.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಐವತ್ತಮೂರು ವರ್ಷದ ಹೆಂಗಸು, ಕಿವಿಯಿಲ್ಲ, ತವರಲ್ಲಿ ಗಿರಣಿಯಿಲ್ಲ. ಮೊದಲ ದಿನ ಅನ್ನ ಮಾಡಿ ಉಣ್ಣದೆ ಇಟ್ಟೆ. ಎರಡನೆಯ ದಿನ ಉಂಡೆ. ಹತ್ತಕ್ಕೆ ಸ್ಪೀಕರು ಹಾಕಿದೆ, ಹನ್ನೊಂದಕ್ಕೆ ಆರಿಸಿ ಗುಡಿಸಿದೆ. ಆದರೆ ಗುಂಡಿಗೆ ಸುರಿಯಲಿಲ್ಲ. ಬುಟ್ಟಿಗೆ ತುಂಬಿ, ಸಾಲದೆ ಇನ್ನೊಂದು ಬುಟ್ಟಿಗೂ ತುಂಬಿ, ಬೆಳಗ್ಗೆ ಎಲ್ಲರಿಗೂ ಕಾಣುವ ಹಾಗೆ ಹೊಸ್ತಿಲಾಚೆ ಇಟ್ಟೆ. ಗಾಡಿಯವನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, "ಇದೇನಮ್ಮ, ಮಣ್ಣಾ?" ಎಂದ. "ಗಿರಣಿ," ಎಂದೆ. ಎದುರುಮನೆಯವರು ಎರಡು ದಿನ ಕಿಟಕಿ ಮುಚ್ಚಿಕೊಂಡರು, ಮೂರನೆಯ ದಿನ ಸೆಕೆ ತಡೆಯದೆ ತೆರೆದರು. ದಾಕ್ಷಾಯಣಿ ಹತ್ತು ಗಂಟೆಗೆ ಸರಿಯಾಗಿ ಬಂದು ಕೂರತೊಡಗಿದಳು. ಅವಳ ಅತ್ತೆ ಬಯ್ದರಂತೆ. "ಬಯ್ದಿದ್ದನ್ನ ನೀವೇ ಗುಡಿಸ್ಕೊಳ್ಳಿ ಅಂದೆ ಚಂದ್ರಕ್ಕ," ಎಂದು ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು. ಕೂಗುವುದನ್ನು ಅವಳು ಬೇಗ ಕಲಿತಳು.

ಆರನೆಯ ದಿನ ಅವಳ ಕೈಯಲ್ಲೇ ನನ್ನವರಿಂದ ಚೀಟಿ ಬಂತು. 'ಪೆಟ್ಟಿಗೆಗಳನ್ನು ಕಳಿಸಿದರೆ ಬರುತ್ತೇನೆ. ಕಡೇಪಕ್ಷ ಮೊದಲಿನ ಹಾಗೆ ಮುಚ್ಚಿಡು.' ನಾನು ಅದರ ಹಿಂದೆಯೇ ಬರೆದೆ: 'ಕಳಿಸುವುದಿಲ್ಲ. ಮುಚ್ಚುವುದೂ ಇಲ್ಲ. ಆ ಸೀರೆಗಳನ್ನು ಬಿಚ್ಚಿ ಮತ್ತೆ ಕೂಡಿಸಿ ಹೊಲಿಯುತ್ತಿದ್ದೇನೆ, ಉಟ್ಟುಕೊಳ್ಳಲು. ನಿಮಗೆ ಬೇಕೆನಿಸಿದಾಗ ಬನ್ನಿ.'

ಅವರು ಬಂದದ್ದು ಹನ್ನೆರಡನೆಯ ದಿನ, ಹತ್ತೂವರೆಗೆ. ದಾಕ್ಷಾಯಣಿ ಅವತ್ತು ಬಂದಿರಲಿಲ್ಲ. ನಾನು ಸ್ಪೀಕರಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದೆ. ಕಣ್ಣು ಬಿಟ್ಟಾಗ ಎದುರಿಗೆ ಚೀಲ ಹಿಡಿದು ನಿಂತಿದ್ದರು, ಸೊರಗಿದ್ದರು. ಏನೋ ಹೇಳಿದರು. ತುಟಿಯಲ್ಲಿ ಏನಿತ್ತೆಂದು ನನಗೆ ತಿಳಿಯಿತು. ಆದರೂ, "ಕೇಳ್ತಿಲ್ಲ," ಎಂದೆ.

ಮತ್ತೆ ಹೇಳಿದರು.

"ಕೇಳ್ತಿಲ್ಲ ರೀ!"

"ಅದನ್ನ ಆರಿಸು ಅಂದೆ!"

ಅದು ಅವರ ಕೂಗು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ಗಿರಣಿಯ ಮೇಲೆ ಹಾದು ಬಂದು ನನ್ನ ಕಿವಿಗೆ ಬಿತ್ತು. ಅವರ ಹೆಗಲ ಮೇಲೆ ಬಿಳೀ ಹರಳು ಉದುರಿದವು. ನಾನು ಎದ್ದು ಆರಿಸಿದೆ. "ಈಗ ಹೇಳಿ," ಎಂದೆ.

"ಇಪ್ಪತ್ತು ವರ್ಷದ ಮರ್ಯಾದೆ! ಹತ್ತು ನಿಮಿಷದಲ್ಲಿ ಬೀದಿಗೆ ಹಾಕ್ದೆ!"

"ಹನ್ನೆರಡು. ಅದು ಯಾರ ಮರ್ಯಾದೆ? ನನ್ನ ಜೊತೆ ನೀವು ಮಾತು ಬಿಟ್ಟು ಎರಡು ವರ್ಷ ಆಯ್ತು. ನೀವು ಹೆಬ್ಬೆರಳು ತೋರಿಸ್ತೀರಿ, ನಾನು ಕಾಫಿ ತರ್ತೀನಿ. ಅದಕ್ಕೆ ಊರು ನಿಮಗೆ ಬೆಳ್ಳಿ ಕೊಡೋಕೆ ಬಂತು!"

"ಜೋರಾಗಿ ಮಾತಾಡಿದ್ರೆ ಉದುರುತ್ತೆ ಕಣೇ!"

"ಉದುರ್ಲಿ!"

"ಜನ ನೋಡ್ತಾರೆ!"

"ನೋಡ್ಲಿ! ಡಾಕ್ಟರು ನಿಮ್ಮೆದುರಿಗೇ ಹೇಳಿದ್ರು. ಎದುರಿಗೆ ಕೂತು, ಜೋರಾಗಿ, ದಿನಾ ಅಂತ. ನೀವು ತಲೆಯಾಡಿಸಿದ್ರಿ!"

"ನನಗೆ ಕೂಗೋಕೆ ಬರಲ್ಲ! ಈ ಊರಲ್ಲಿ ಹುಟ್ಟಿದೋನಿಗೆ ಅದನ್ನ ಯಾರು ಕಲಿಸ್ತಾರೆ? ನಮ್ಮಪ್ಪ ಸತ್ತಾಗಲೂ ನಾವು ಹಿತ್ತಿಲಿಗೆ ಹೋಗಿ ಅತ್ತೋರು! ನನಗೆ ಬರಲ್ಲ, ಬರಲ್ಲ!"

ಅದನ್ನು ಅವರು ಎಷ್ಟು ಜೋರಾಗಿ ಕೂಗಿದರೆಂದರೆ ಎದುರುಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿದವು. "ಬರ್ತಿದೆಯಲ್ಲ," ಎಂದೆ ನಾನು.

ಅವರು ಚೀಲ ಕೆಳಗಿಟ್ಟರು. ಆಮೇಲೆ ಗಿಡ್ಡ ಪೆಟ್ಟಿಗೆಯ ಮೇಲೆ ಕೂತರು, ಈಗ ಅದರ ಮೇಲೆ ದಿಂಬು ಇರಲಿಲ್ಲ. ನಾವಿಬ್ಬರೂ ಏದುಸಿರು ಬಿಡುತ್ತಿದ್ದೆವು. ಅವರು ಆಡಿದ್ದು ಒಳ್ಳೆಯ ಮಾತೇನಲ್ಲ, ಆದರೆ ಒಂದನ್ನೂ ನಾನು ತುಟಿ ನೋಡಿ ಊಹಿಸಬೇಕಾಗಿ ಬಂದಿರಲಿಲ್ಲ. ಅವರು ಕೆಳಗೆ ನೋಡುತ್ತ ಏನೋ ಗೊಣಗಿದರು. ನಾನು ಅವರ ಗಲ್ಲ ಹಿಡಿದು ಮುಖ ಮೇಲೆತ್ತಿದೆ. "ಜೋರಾಗಿ."

"ಅವತ್ತು ನಾನು ಅನ್ನಬಾರದಿತ್ತು. ಅನುಕೂಲ ಅಂತ. ನೀನು ಕೇಳಿಸ್ಕೊಂಡ್ಯಾ?"

"ಕಣ್ಣಲ್ಲಿ ಕೇಳಿಸ್ಕೊಂಡೆ. ಇನ್ನೂ ಜೋರಾಗಿ ಹೇಳಿ. ಅವತ್ತು ಮೂರು ಜನರ ಮುಂದೆ ಅಂದಿದ್ರಿ."

ಅವರು ಕಿಟಕಿಯತ್ತ ನೋಡಿದರು. ಎದುರುಮನೆಯ ತಲೆಗಳು ಈಗ ಮೂರಾಗಿದ್ದವು. "ನಾನು ಹಾಗೆ ಅನ್ನಬಾರದಿತ್ತು!" ಎಂದು ಕೂಗಿದರು. ಗಂಟಲು ಒಡೆಯಿತು, ಕೆಮ್ಮಿದರು, ಕೆಮ್ಮಿನದೂ ಬಿತ್ತು.

ಬೆಳಗ್ಗೆ ಹತ್ತರಿಂದ ಹನ್ನೊಂದು ನನ್ನದು ಎಂದು ಹೇಳಿದೆ. ಸ್ಪೀಕರು ಇದ್ದಲ್ಲೇ ಇರುತ್ತದೆ, ಬಟ್ಟೆ ಹೊದಿಸುವುದಿಲ್ಲ ಎಂದೂ, ಕಾಫಿ ಬೇಕಾದರೆ ಬಾಯಿಬಿಟ್ಟು ಕೇಳಬೇಕು ಎಂದೂ ಹೇಳಿದೆ. ಅವರು ನೆಲ ನೋಡಿದರು. ನಡುಮನೆಯ ತುಂಬ ಉದುರು, ಒಂದು ಬದಿ ಗಿರಣಿಯ ಕಂದು, ನಡುವೆ ನಮ್ಮ ಜಗಳದ ಬಿಳೀ ಹರಳು. ಅಭ್ಯಾಸಬಲದಿಂದ ಅವರ ಕೈ ಮೇಲೆದ್ದು, ನೆಲದ ಕಡೆ ತೋರಿಸಿ, ಗುಡಿಸುವ ಹಾಗೆ ಆಡಿತು.

"ಗಿರಣೀದು ನಂದು, ನಾನು ಗುಡಿಸ್ತೀನಿ," ಎಂದೆ. "ನೀವು ಕೂಗಿದ್ದು ನಿಮ್ಮದು. ಪೊರಕೆ ಅಡುಗೆಮನೇಲಿದೆ."

ಅವರು ಎದ್ದು ಹೋಗಿ ತಂದರು. ಹಿಡಿಯಲು ಬರಲಿಲ್ಲ, ಗುಡಿಸಿದ್ದೆಲ್ಲ ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಹರಳು ಅಂಗಾಲಿಗೆ ಚುಚ್ಚಿ ಎರಡು ಸಲ ಕುಣಿದರು. ನಾನು ಹೇಳಿಕೊಡ ಹೋಗಲಿಲ್ಲ, ನನ್ನ ಪಾಲಿನದನ್ನು ಗುಡಿಸಿಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಮೊರ ಎತ್ತಿಕೊಂಡು ನನ್ನ ಬುಟ್ಟಿಯ ಹತ್ತಿರ ಬಂದು ನಿಂತು, ಕೈ ಆಡಿಸಲು ಹೋದವರು ನಿಲ್ಲಿಸಿ, ಬಾಯಿ ತೆರೆದು ಕೇಳಿದರು, "ಎರಡೂ ಒಂದೇ ಬುಟ್ಟಿಗೆ ಹಾಕ್ಲಾ?"

"ಬೇಡ," ಎಂದೆ. "ಬೇರೆ ಬೇರೆ ಇಡಿ. ಯಾವುದು ನಂದು, ಯಾವುದು ನಿಮ್ಮದು ಅಂತ ಬೀದಿಗೆಲ್ಲ ಗೊತ್ತಾಗ್ಲಿ."